ಸ್ಪಿನ್ ಮಾಪ್, ಫ್ಲಾಟ್ ಮಾಪ್, ಸ್ಪ್ರೇ ಮಾಪ್, ನೆಲ ಒರೆಸೋ ಬಟ್ಟೆ: ಎಲ್ಲಾ ಬಳಸಿ ನೋಡಿದ್ಮೇಲೆ ನಂಗನ್ಸಿದ್ದು

ಮಾಪ್ ತಗೊಳ್ಳೋಕೆ ಅಂಗಡಿಗೆ ಹೋದ್ರೆ ಸಾಮಾನ್ಯವಾಗಿ ಎಲ್ರೂ ನೋಡೋದು ತುದೀಲಿರೋ ದಾರ ದಪ್ಪ ಇದ್ಯಾ, ಬಟ್ಟೆ ಮೆತ್ತಗಿದ್ಯಾ, ಕೋಲು ಉದ್ದ ಇದ್ಯಾ ಅಂತ. ನನ್ನ ಪ್ರಕಾರ ಅದೆಲ್ಲ ಆಮೇಲೆ, ಮೊದ್ಲು ನೋಡ್ಬೇಕಾಗಿರೋದು ಅದನ್ನ ಹಿಂಡೋದು ಹೇಗೆ ಅಂತ. ನೆಲದ ಮೇಲೆ ಕೋಲು ಓಡಾಡ್ಸೋದು ಯಾವ ಮಾಪಲ್ಲೂ ಅಷ್ಟೇನೂ ಕಷ್ಟ ಅಲ್ಲ. ಮಣಿಕಟ್ಟು ನೋಯೋದು, ಸೊಂಟ ಹಿಡ್ಕೊಳ್ಳೋದು, ಒಣಗಿದ್ಮೇಲೆ ಬಿಳಿ ಗೆರೆ ಕಾಣೋದು, ಅರ್ಧ ಗಂಟೆ ಆದ್ರೂ ನೆಲ ಒಣಗದೆ ಕಾಲು ಜಾರೋದು, ಮಾಪೇ ವಾಸನೆ ಹೊಡೆಯೋದು, ಇದ್ರಲ್ಲಿ ಮುಕ್ಕಾಲು ಪಾಲು ತೊಂದ್ರೆ ಹಿಂಡೋದು ಕಷ್ಟ ಆಗಿ ನಾವು ಅರೆಬರೆ ಹಿಂಡೋದ್ರಿಂದ್ಲೇ ಬರೋದು.

ಎರಡು ಮನೇಲಿ ಬಳಸಿ ನೋಡಿ ಬರೀತಿದೀನಿ. ಒಂದು ಬೆಂಗಳೂರಲ್ಲಿರೋ ನಮ್ಮ ಫ್ಲಾಟು, ಪೂರ್ತಿ ಕ್ರೀಮ್ ಕಲರ್ ವಿಟ್ರಿಫೈಡ್ ಟೈಲ್ಸು, ಬೋರ್ ನೀರು. ಇನ್ನೊಂದು ತುಮಕೂರಲ್ಲಿರೋ ಅಮ್ಮನ ಮನೆ, ಹಾಲು ರೂಮು ಎಲ್ಲ ಹಳೇ ಕಾಲದ ಕೆಂಪು ಗಾರೆ ನೆಲ, ಅಡುಗೆಮನೇಲಿ ಕಡಪ ಕಲ್ಲು, ಮುಂದುಗಡೆ ಜಗಲೀಲಿ ಮೊಸಾಯಿಕ್. ಅಮ್ಮಂಗೆ ಮಂಡಿ ನೋವು, ಬಗ್ಗೋಕಾಗಲ್ಲ, ಆದ್ರೆ ನೆಲ ಒರೆಸ್ದೆ ಒಂದು ದಿನಾನೂ ಇರೋರಲ್ಲ. ಹಾಗಾಗಿ ಇದು ನಮಗೆ ಸಣ್ಣ ವಿಷಯ ಆಗಿರ್ಲಿಲ್ಲ.

ಬೋರ್ ನೀರಿನ ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಬಹಳ ಜನ ಟೈಲ್ಸ್ ಮೇಲೆ ಬಿಳಿ ಕಲೆ ಬಂದ್ರೆ ಮಾಪ್ ಸರಿ ಇಲ್ಲ, ಫಿನಾಯಿಲ್ ಸರಿ ಇಲ್ಲ ಅಂತ ಬದಲಾಯಿಸ್ತಾನೇ ಇರ್ತಾರೆ. ಬೋರ್ ನೀರು ಸಾಮಾನ್ಯವಾಗಿ ಗಡಸು, ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇರುತ್ತೆ, ನೀರು ಆರಿ ಹೋದ್ರೂ ಆ ಲವಣ ನೆಲದ್ಮೇಲೇ ಉಳಿಯುತ್ತೆ, ಅದೇ ಆ ಬಿಳಿ ಪೊರೆ. ನೆಲದ್ಮೇಲೆ ಎಷ್ಟು ಕಮ್ಮಿ ನೀರು ಬಿಡ್ತೀವೋ ಅಷ್ಟು ಕಮ್ಮಿ ಕಲೆ. ಅಂದ್ರೆ ಇದೂ ಕೊನೆಗೆ ಹಿಂಡೋ ವಿಷಯಕ್ಕೇ ಬಂತು. ಜೊತೆಗೆ ಫಿನಾಯಿಲ್ ಜಾಸ್ತಿ ಸುರಿದ್ರೂ ಹಾಗೇ ಅಂಟು ಪೊರೆ ಕೂರುತ್ತೆ, ಅದ್ರ ಮೇಲೆ ಧೂಳು ಇನ್ನೂ ಬೇಗ ಹಿಡಿಯುತ್ತೆ, ಬಾಟಲ್ ಮೇಲೆ ಬರ್ದಿರೋ ಅಳತೆಗಿಂತ ಒಂದು ಹನಿ ಜಾಸ್ತಿ ಬೇಡ.

ಈಗ ನೆಲ ಒರೆಸೋ ಬಟ್ಟೆ. ಇದನ್ನ ಹಳೇ ಪದ್ಧತಿ ಅಂತ ತಳ್ಳಿಹಾಕೋಕೆ ನಂಗೆ ಮನಸ್ಸಿಲ್ಲ. ನಮ್ಮನೆ ಕೆಲ್ಸಕ್ಕೆ ಬರೋರು ಇವತ್ತಿಗೂ ಅಡುಗೆಮನೆಗೆ ಬಟ್ಟೇನೇ ಕೇಳ್ತಾರೆ. "ಮಾಪಲ್ಲಿ ಎಲ್ಲಿ ಅಂಟಿದೆ ಅಂತ ಗೊತ್ತಾಗಲ್ಲ ಅಕ್ಕಾ, ಬಟ್ಟೇಲಾದ್ರೆ ಕೈಗೇ ತಿಳಿಯುತ್ತೆ" ಅಂತಾರೆ, ಅದು ನೂರಕ್ಕೆ ನೂರು ನಿಜ. ಒಲೆ ಮುಂದೆ ಒಗ್ಗರಣೆ ಎಣ್ಣೆ ಹಾರಿ ಹಾರಿ ಜಿಡ್ಡು ಕೂತಿರುತ್ತಲ್ಲ, ಅಲ್ಲಿ ಬಟ್ಟೆ ಹಿಡಿದು ಕೈಯೂರಿ ಉಜ್ಜಿದ ಹಾಗೆ ಯಾವ ಮಾಪೂ ಉಜ್ಜಲ್ಲ, ಮೂಲೆಗೂ ಬಟ್ಟೆ ಹೋದ ಹಾಗೆ ಇನ್ಯಾವ್ದೂ ಹೋಗಲ್ಲ. ಆದ್ರೆ ಕುಕ್ಕರಗಾಲಲ್ಲಿ ಹಿಂದಕ್ಕೆ ಸರಿಯುತ್ತಾ ಇಡೀ ಮನೆ ಒರೆಸೋದು ಮಂಡಿಗೆ ಎಷ್ಟು ಹೊರೆ ಅಂತ ಮಾಡಿದವ್ರಿಗೇ ಗೊತ್ತು, ಫಿನಾಯಿಲ್ ನೀರಲ್ಲಿ ದಿನಾ ಕೈ ಅದ್ದಿ ಬೆರಳ ಸಂದಿ ಬಿರಿಯುತ್ತೆ. ಬೇರೆಯವ್ರ ಕೈಲಿ ಒರೆಸೋರಾದ್ರೂ ಅವ್ರಿಗೊಂದು ಒಳ್ಳೆ ಮಾಪ್ ತೆಗೆದುಕೊಡೋದು ನ್ಯಾಯ ಅಂತ ನನ್ನ ಅನಿಸಿಕೆ.

ದಾರದ ಮಾಪು, ಅಂದ್ರೆ ಆಸ್ಪತ್ರೆ ಆಫೀಸಲ್ಲಿ ನೋಡ್ತೀವಲ್ಲ ಬಿಳೀ ಕಾಟನ್ ದಾರದ್ದು, ನೂರೈವತ್ತು ಇನ್ನೂರು ರೂಪಾಯಿಗೆ ಸಿಗುತ್ತೆ, ನೀರು ಚೆನ್ನಾಗಿ ಹೀರುತ್ತೆ, ಆದ್ರೆ ಹೀರಿದ್ಮೇಲೆ ಕೈಯಿಂದ್ಲೇ ಹಿಂಡ್ಬೇಕು. ಒದ್ದೆ ಆದ್ರೆ ಭಾರ, ಒಣಗೋಕೆ ದಿನ ಹಿಡಿಯುತ್ತೆ, ಮಳೆಗಾಲದಲ್ಲಿ ಒಣಗೋದೇ ಇಲ್ಲ. ಈ ಕೈಯಲ್ಲಿ ಹಿಂಡೋ ಕಷ್ಟ ತಪ್ಪಿಸೋಕೇ ಮಾಪಿನ ಇತಿಹಾಸ ಪೂರ್ತಿ ನಡ್ದಿರೋದು ಅನ್ಸುತ್ತೆ. ಸ್ಪೇನಲ್ಲಿ ಮಾನ್ವೆಲ್ ಹಾಲೋನ್ ಅನ್ನೋ ಏರೋನಾಟಿಕಲ್ ಇಂಜಿನಿಯರು 1956ರಲ್ಲಿ ಮಾಪ್ ಜೊತೆಗೆ ಹಿಂಡೋ ಬಕೆಟ್ಟನ್ನೂ ಸೇರಿಸಿ ಮಾರೋಕೆ ಶುರು ಮಾಡಿದ್ಮೇಲೆ ಅಲ್ಲಿನ ಹೆಂಗಸ್ರು ಮಂಡಿಯೂರಿ ನೆಲ ಉಜ್ಜೋದು ತಪ್ಪಿತಂತೆ. ಅಮೆರಿಕದಲ್ಲಿ ಜಾಯ್ ಮಾಂಗಾನೋ ಅನ್ನೋ ಹೆಂಗಸು 1990ರಲ್ಲಿ ಮಾಡಿದ ಮಿರಾಕಲ್ ಮಾಪೂ ಅಷ್ಟೇ, ಮಾಪಿನ ತಲೆ ಮುಟ್ದೇನೇ ಹಿಡಿ ತಿರುಗಿಸಿ ಹಿಂಡೋದು. ಅದೇ ಥರದ ತಿರುಚೋ ಮಾಪು ಇಲ್ಲೂ ಸಿಗುತ್ತೆ, ಕೋಲಿನ ಮೇಲಿನ ಪ್ಲಾಸ್ಟಿಕ್ ಕೊಳವೆ ಕೆಳಗೆಳೆದು ತಿರುಚಿದ್ರೆ ಪಟ್ಟಿಗಳು ಹಗ್ಗದ ಥರ ಸುತ್ಕೊಂಡು ನೀರು ಬಿಡುತ್ತೆ. ಕೈ ಕೊಳೆ ಆಗಲ್ಲ, ಬಗ್ಗೋದೂ ಬೇಡ, ಸರಿ, ಆದ್ರೆ ಕೊನೇ ಎರಡು ತಿರುವಿಗೆ ಮಣಿಕಟ್ಟಲ್ಲಿ ಶಕ್ತಿ ಬೇಕು. ಅಮ್ಮ ಒಂದ್ಸಲ ತಿರುಚಿ ನೋಡಿ ಪಕ್ಕಕ್ಕಿಟ್ಬಿಟ್ರು. ಸಂಧಿವಾತ ಇರೋರಿಗೆ ಇದು ಬೇಡ್ವೇ ಬೇಡ.

ಸ್ಪಿನ್ ಮಾಪ್ ವಿಷಯಕ್ಕೆ ಬಂದ್ರೆ ಹೇಳೋದು ಜಾಸ್ತಿ ಇದೆ. ಗುಂಡು ತಟ್ಟೆಗೆ ಮೈಕ್ರೋಫೈಬರ್ ದಾರ, ಬಕೆಟ್ ಒಳಗೆ ತೂತಿನ ಬುಟ್ಟಿ, ಬುಟ್ಟೀಲಿಟ್ಟು ತಿರುಗ್ಸಿದ್ರೆ ವಾಷಿಂಗ್ ಮಷೀನ್ ಡ್ರೈಯರ್ ಥರ ನೀರು ಹೊರಗೆ ಹಾರುತ್ತೆ. ಹಳೇ ಮಾಡೆಲ್ಲಲ್ಲಿ ಕಾಲಲ್ಲಿ ಪೆಡಲ್ ತುಳೀಬೇಕು, ಈಗಿನದ್ರಲ್ಲಿ ಹಿಡೀನ ಕೆಳಗೆ ಒತ್ತಿದ್ರೆ ಕೋಲಿನ ಒಳಗಿರೋ ಸುರುಳಿ ಮಾಪಿನ ತಲೇನ ಬುಟ್ಟಿ ಸಮೇತ ತಿರುಗಿಸುತ್ತೆ. ಎರಡೂ ಬಳಸಿದ್ರಲ್ಲಿ ನಂಗೆ ಒತ್ತೋದೇ ಇಷ್ಟ, ಯಾಕಂದ್ರೆ ಒಂಟಿ ಕಾಲಲ್ಲಿ ನಿಂತು ಪೆಡಲ್ ತುಳಿಯೋದು ಮಂಡಿ ನೋವಿರೋರಿಗೆ ಅಪಾಯ, ಅದೂ ಒದ್ದೆ ನೆಲದ ಮೇಲೆ. ಒತ್ತೋದ್ರಲ್ಲಿ ಎರಡು ಕಾಲೂ ನೆಲದ್ಮೇಲಿರುತ್ತೆ, ಮೈ ಭಾರವೇ ಕೆಲ್ಸ ಮಾಡುತ್ತೆ. ಅಮ್ಮ ನಾಲ್ಕೈದು ಸಲ ಒತ್ತಿದ್ರೆ ಸಾಕು, ದಾರ ಮುಟ್ಟಿ ನೋಡಿದ್ರೆ ಬರೀ ತೇವ, ಹನಿ ಬೀಳಲ್ಲ. ಕಮ್ಮಿ ಒತ್ತಿದ್ರೆ ಜಾಸ್ತಿ ಒದ್ದೆ, ಜಾಸ್ತಿ ಒತ್ತಿದ್ರೆ ಹೆಚ್ಚುಕಮ್ಮಿ ಒಣಗಿದ ಹಾಗೆ, ಅಂದ್ರೆ ಎಷ್ಟು ಒದ್ದೆ ಬೇಕು ಅನ್ನೋದು ನಮ್ಮ ಕೈಲಿರುತ್ತೆ, ಈ ಅನುಕೂಲ ಬೇರೆ ಯಾವ್ದರಲ್ಲೂ ಇಷ್ಟು ಚೆನ್ನಾಗಿಲ್ಲ.

ಕೆಂಪು ಗಾರೆ ನೆಲದ ಮೇಲಂತೂ ಸ್ಪಿನ್ ಮಾಪ್ ಬಿಟ್ರೆ ಬೇರೆ ಬೇಡ ಅನ್ನಿಸ್ತು. ಆ ನೆಲ ಟೈಲ್ಸ್ ಥರ ಮಟ್ಟಸ ಇರಲ್ಲ, ಅಲ್ಲಲ್ಲಿ ಸಣ್ಣ ತಗ್ಗು, ಕೂದಲೆಳೆ ಬಿರುಕು, ಗೋಡೆ ಬುಡದಲ್ಲಿ ದುಂಡಗೆ ತಿರುವಿರೋ ಅಂಚು. ದಾರ ಆ ತಗ್ಗಿಗೆಲ್ಲ ಇಳ್ಕೊಂಡು ಒರೆಸುತ್ತೆ, ಚಪ್ಪಟೆ ಹಲಗೆ ಇರೋ ಫ್ಲಾಟ್ ಮಾಪ್ ಮೇಲ್ಮೇಲೇ ತೇಲ್ಕೊಂಡು ಹೋಗುತ್ತೆ. ಬೆಳಿಗ್ಗೆ ಬಿಸಿಲು ಬಾಗ್ಲಿಂದ ಅಡ್ಡಡ್ಡ ಬೀಳೋವಾಗ ನೋಡಿದ್ರೆ ಫ್ಲಾಟ್ ಮಾಪ್ ಒರೆಸಿದ ಕಡೆ ತಗ್ಗಿನ ಧೂಳೆಲ್ಲ ಚುಕ್ಕೆ ಚುಕ್ಕೆಯಾಗಿ ಉಳಿದಿತ್ತು, ಸ್ಪಿನ್ ಮಾಪ್ ಹೋದ ಕಡೆ ಒಂದೇ ಸಮ ಹೊಳೀತಿತ್ತು.

ಇದ್ರಲ್ಲಿ ತೊಂದ್ರೆ ಏನಂದ್ರೆ ಮುಖ್ಯವಾಗಿ ಎರಡು. ಒಂದು, ಅದ್ದೋದು ಹಿಂಡೋದು ಎಲ್ಲ ಒಂದೇ ಬಕೆಟ್ಟಲ್ಲಿ, ಹಾಗಾಗಿ ಎರಡನೇ ರೂಮಿಗೆ ಹೋಗೋ ಹೊತ್ತಿಗೆ ಕೊಳೆ ನೀರಲ್ಲೇ ಒರೆಸ್ತಿರ್ತೀವಿ, ನೀರು ಬದಲಾಯಿಸ್ಲೇಬೇಕು. ಐದು ಲೀಟರ್ ನೀರು ಅಂದ್ರೆ ಐದು ಕೆಜಿ, ಬಕೆಟ್ ತೂಕ ಬೇರೆ, ಅದನ್ನ ಎತ್ತಿ ಸುರಿಯೋದು ವಯಸ್ಸಾದವ್ರಿಗೆ ಆಗಲ್ಲ. ಅದಕ್ಕೇ ತಗೊಳ್ಳೋವಾಗ ಬಕೆಟ್ ಬುಡದಲ್ಲಿ ನೀರು ಬಿಡೋ ಬಿರಡೆ ಇದ್ಯಾ, ಗಾಲಿ ಇದ್ಯಾ ಅಂತ ತಿರುಗಿಸಿ ನೋಡಿ, ಈ ಎರಡಿದ್ರೆ ಬಚ್ಚಲ ತನಕ ತಳ್ಕೊಂಡು ಹೋಗಿ ಬಿರಡೆ ಬಿಚ್ಚಿದ್ರೆ ಆಯ್ತು. ಇನ್ನೊಂದು, ಕೋಲು ತಟ್ಟೆಗೆ ಸೇರೋ ಪ್ಲಾಸ್ಟಿಕ್ ಕೀಲು. ನಮ್ಮನೇಲಿ ಮುರಿದಿದ್ದು ಅದೇ. ಮಂಚದ ಕೆಳಗೆ ತಳ್ಳೋಕೆ ಕೋಲನ್ನ ತೀರಾ ಮಲಗಿಸಿ ಒತ್ತಿದ್ರೆ ಅಲ್ಲೇ ಬಿರುಕು ಬಿಡೋದು. ಬುಟ್ಟಿ ಮಾತ್ರ ಸ್ಟೀಲಿಂದು ತಗೊಳ್ಳಿ.

ಫ್ಲಾಟ್ ಮಾಪ್ ಅಂದ್ರೆ ಎರಡು ಕಂಡಿ ಇರೋ ಕಿರಿದಾದ ಬಕೆಟ್ ಜೊತೆ ಬರುತ್ತಲ್ಲ ಅದು, ಒಂದು ಕಂಡೀಲಿ ತೊಳೆಯೋದು, ಇನ್ನೊಂದ್ರಲ್ಲಿ ಮೇಲೆ ಕೆಳಗೆ ಎಳೆದ್ರೆ ಪಟ್ಟಿಗೆ ಉಜ್ಜಿ ನೀರು ಇಳಿಯೋದು. ನಮ್ಮ ಫ್ಲಾಟಿಗೆ ಇದು ಬಂದ್ಮೇಲೆ ಸ್ಪಿನ್ ಮಾಪ್ ಬಾಲ್ಕನಿ ಸೇರ್ತು. ಕಾರಣ ಸೋಫಾ, ದಿವಾನ್, ಫ್ರಿಜ್ ಪಕ್ಕದ ಸಂದಿ. ಕೋಲನ್ನ ಪೂರ್ತಿ ನೆಲಕ್ಕೆ ಮಲಗಿಸಿದ್ರೂ ಹಲಗೆ ಸಪಾಟಾಗೇ ಇರುತ್ತೆ, ಚೌಕ ಆಗಿರೋದ್ರಿಂದ ಗೋಡೆ ಮೂಲೆಗೂ ನೇರವಾಗಿ ಕೂರುತ್ತೆ, ಒಂದೇ ಎಳೆತಕ್ಕೆ ಅಗಲವಾಗಿ ಒರೆಸುತ್ತೆ. ವಿಟ್ರಿಫೈಡ್ ಟೈಲ್ಸ್ ಮಟ್ಟಸ ಇರೋದ್ರಿಂದ ಗೆರೆ ಬೀಳೋದೂ ಕಮ್ಮಿ. ಆದ್ರೆ ಹಿಂಡೋದು ಭುಜಕ್ಕೆ ಕೆಲ್ಸ, ಪ್ಯಾಡ್ ಬಿಗಿಯಾಗಿ ಉಜ್ಕೊಂಡು ಮೇಲೆ ಬರೋವಾಗ ಬಕೆಟ್ಟೇ ಎದ್ದು ಬರುತ್ತೆ, ಒಂದು ಪಾದ ಅದ್ರ ಅಂಚಿಗೆ ಒತ್ತಿಟ್ಕೋಬೇಕು. ನಂಗೆ ಪರವಾಗಿಲ್ಲ, ಅಮ್ಮಂಗೆ ಭುಜ ಎತ್ತೋಕಾಗಲ್ಲ, ಅದಕ್ಕೇ ಅವ್ರಿಗೆ ಇದನ್ನ ಕೊಡ್ಲಿಲ್ಲ. ಇನ್ನೊಂದು ಮಾತು, ಇದು ಕಸ ಎತ್ತಲ್ಲ, ತಳ್ಳುತ್ತೆ. ಪೊರಕೆ ಹಾಕ್ದೆ ಫ್ಲಾಟ್ ಮಾಪ್ ಹಾಕಿದ್ರೆ ಅಕ್ಕಿ ಕಾಳು, ತೊಗರಿಬೇಳೆ, ಉದ್ದ ಕೂದಲು ಎಲ್ಲ ಮುಂದಿನ ಅಂಚಲ್ಲಿ ಸಾಲಾಗಿ ಕೂರುತ್ತೆ. ಹೊಸ್ತಿಲ ಹತ್ರ ರಂಗೋಲಿ ಪುಡಿ ಇದ್ರಂತೂ ಯಾವ ಮಾಪ್ ಆದ್ರೂ ಮೊದ್ಲು ಒಣಗಿದ್ದಾಗ್ಲೇ ಗುಡಿಸಿಬಿಡಿ, ಅದು ಕಲ್ಲಿನ ಪುಡಿ, ನೀರಲ್ಲಿ ಕರಗಲ್ಲ, ಒದ್ದೆ ಮಾಡಿದ್ರೆ ಮನೆ ತುಂಬಾ ಬೆಳ್ಳಗೆ ಬಳಿಯುತ್ತೆ.

ಸ್ಪಂಜ್ ಮಾಪು, ಲಿವರ್ ಎಳೆದ್ರೆ ಚಿಟ್ಟೆ ರೆಕ್ಕೆ ಮಡಚಿದ ಹಾಗೆ ಮಡಚ್ಕೊಳ್ಳೋದು, ಅದ್ರ ಬಗ್ಗೆ ಇಷ್ಟೇ: ಹಾಲು ಚೆಲ್ಲಿದ್ರೆ, ವಾಷಿಂಗ್ ಮಷೀನ್ ಪೈಪ್ ಬಿಟ್ಕೊಂಡ್ರೆ ಅದಕ್ಕೆ ಸಾಟಿ ಇಲ್ಲ, ಒಂದೇ ಸಲಕ್ಕೆ ಹೀರಿಬಿಡುತ್ತೆ. ಒಣಗಿದ್ರೆ ಮಾತ್ರ ಮರದ ತುಂಡಿನ ಹಾಗೆ ಗಟ್ಟಿ ಆಗುತ್ತೆ, ಬಳಸೋಕೆ ಮುಂಚೆ ಸ್ವಲ್ಪ ಹೊತ್ತು ನೀರಲ್ಲಿ ನೆನೆಸ್ಬೇಕು, ನೆನೆಸ್ದೆ ಲಿವರ್ ಎಳೆದ್ರೆ ನಡುವೆ ಸೀಳುತ್ತೆ. ದಿನಾ ಬೆಳಿಗ್ಗೆ ಅವಸರದಲ್ಲಿ ಇದಕ್ಕೆ ಕಾಯೋಕಾಗಲ್ಲ.

ಸ್ಪ್ರೇ ಮಾಪ್ ನನ್ನ ಅಕ್ಕನ ಮನೇಲಿ ನೋಡಿ ಆಸೆಪಟ್ಟು ತಂದಿದ್ದು. ಹಿಡೀಲಿ ಟ್ರಿಗರ್, ಕೋಲಿಗೆ ಪುಟ್ಟ ಬಾಟಲ್, ಬಕೆಟ್ಟೇ ಬೇಡ. ಅವ್ರ ಮನೇಲಿ ಲ್ಯಾಮಿನೇಟ್ ಮರದ ನೆಲ, ಅದಕ್ಕೆ ಇದು ಸರಿ, ಯಾಕಂದ್ರೆ ಅಂಥ ನೆಲದಲ್ಲಿ ಹಲಗೆ ಸಂದಿಗೆ ನೀರಿಳಿದ್ರೆ ಅಂಚು ಉಬ್ಬಿ ಮೇಲೇಳುತ್ತೆ, ಮತ್ತೆ ಸರಿ ಹೋಗಲ್ಲ. ನಮ್ಮ ರಸ್ತೆ ಪಕ್ಕದ ಮನೆಗೆ, ಕಿಟಕಿ ತೆಗೆದ್ರೆ ಸಂಜೆ ಹೊತ್ತಿಗೆ ನೆಲ ಎಲ್ಲ ಮರಳು ಮರಳು ಆಗೋ ಕಡೆ, ಇದೊಂದೇ ಸಾಲದು. ಎರಡು ರೂಮ್ ಒರೆಸೋದ್ರೊಳಗೆ ಪ್ಯಾಡ್ ಕಪ್ಪು, ಹಿಂಡೋಕೆ ದಾರಿ ಇಲ್ಲ, ಬಿಚ್ಚಿ ತೊಳೀಬೇಕು ಇಲ್ಲ ಇನ್ನೊಂದು ಪ್ಯಾಡ್ ಹಾಕ್ಬೇಕು. ಆದ್ರೂ ಮಾರಿಲ್ಲ, ಇಟ್ಕೊಂಡಿದೀನಿ. ಮಗು ಊಟ ಮಾಡಿ ಎದ್ದ ಜಾಗ, ಚಪಾತಿ ಲಟ್ಟಿಸಿದ್ಮೇಲೆ ಬಿದ್ದ ಹಿಟ್ಟು, ದೇವರ ಮನೆ ಮುಂದೆ ಚೆಲ್ಲಿದ ಕುಂಕುಮ, ಇದಕ್ಕೆಲ್ಲ ಬಕೆಟ್ ತುಂಬಿಸೋ ತಾಪತ್ರಯ ಇಲ್ದೆ ಎರಡು ನಿಮಿಷದ ಕೆಲ್ಸ. ಬಾಟಲಿಗೆ ಬೋರ್ ನೀರು ಮಾತ್ರ ಹಾಕ್ಬೇಡಿ, ಸ್ಪ್ರೇ ತೂತಲ್ಲಿ ಲವಣ ಕಟ್ಕೊಳ್ಳುತ್ತೆ, ಆರ್‌ಒ ಫಿಲ್ಟರ್ ನೀರು ಹಾಕಿ.

ರೋಬೋ ಮಾಪನ್ನೂ ಅಕ್ಕನ ಮನೇಲೇ ನೋಡಿದ್ದು. ಮೇಲಿನ ಧೂಳು ತೆಗೆಯುತ್ತೆ, ಒತ್ತಿ ಉಜ್ಜೋ ಶಕ್ತಿ ಕಮ್ಮಿ, ಹೊಸ್ತಿಲು ಬಂದ್ರೆ ನಿಂತ್ಬಿಡುತ್ತೆ. ಅಮ್ಮನ ಮನೇಲಿ ಪ್ರತಿ ಬಾಗಿಲಿಗೂ ಮರದ ಹೊಸ್ತಿಲಿದೆ, ಅಲ್ಲಿ ಅದರ ಮಾತೇ ಇಲ್ಲ.

ಹಾಗಾಗಿ ಒಂದೇ ಒಂದು ತಗೊಳ್ಳೋದಾದ್ರೆ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಸ್ಪಿನ್ ಮಾಪ್, ಕೈಲಿ ಒತ್ತೋದು, ಸ್ಟೀಲ್ ಬುಟ್ಟಿ, ಬುಡದಲ್ಲಿ ಬಿರಡೆ, ಸಾವಿರದಿಂದ ಎರಡು ಸಾವಿರದೊಳಗೆ ಬರುತ್ತೆ. ಮನೇಲಿ ವಯಸ್ಸಾದವ್ರು ಒರೆಸ್ತಾರೆ, ನೆಲ ಹಳೇದು ಅಂದ್ರೆ ಯೋಚ್ನೇನೇ ಬೇಡ. ಟೈಲ್ಸ್ ಇರೋ ಫ್ಲಾಟು, ಕೆಳಗೆ ತಗ್ಗಿರೋ ಫರ್ನಿಚರ್ ಜಾಸ್ತಿ, ಭುಜ ಗಟ್ಟಿ ಇದೆ ಅಂದ್ರೆ ಫ್ಲಾಟ್ ಮಾಪ್. ಅಡುಗೆಮನೆ ಜಿಡ್ಡಿಗೆ ಯಾವ್ದೇ ಮಾಪ್ ಇದ್ರೂ ಒಂದು ಬಟ್ಟೆ ಪಕ್ಕಕ್ಕಿರ್ಲಿ.

ಯಾವ್ದು ತಗೊಂಡ್ರೂ ಅಂಗಡೀಲೇ ಒಂದ್ಸಲ ಒತ್ತಿ, ಎಳೆದು, ಕೋಲು ಉದ್ದ ಮಾಡಿ ನೋಡಿ. ಹಿಡಿ ನಿಮ್ಮ ಎದೆ ಮಟ್ಟಕ್ಕಾದ್ರೂ ಬರ್ಬೇಕು, ಅದಕ್ಕಿಂತ ಗಿಡ್ಡ ಆದ್ರೆ ಬಗ್ಗೇ ಬಗ್ಗುತ್ತೀರಿ. ಅದೇ ದಿನ ಎರಡು ರೀಫಿಲ್ಲೂ ತಗೊಂಡ್ಬಿಡಿ, ಆಮೇಲೆ ಅದೇ ಅಳತೆ ಹುಡುಕೋದು ಬಹಳ ಕಷ್ಟ. ಮೈಕ್ರೋಫೈಬರನ್ನ ಸೋಪ್ ಪುಡೀಲಿ ಒಗೀರಿ ಸಾಕು, ಬಟ್ಟೆಗೆ ಹಾಕೋ ಕಂಡೀಷನರ್ ಹಾಕ್ಬೇಡಿ, ಎಳೆ ಮೇಲೆ ಪೊರೆ ಕೂತು ನೀರು ಹೀರೋದು ನಿಂತುಹೋಗುತ್ತೆ. ಮಾರ್ಬಲ್ ಮೊಸಾಯಿಕ್ ಇರೋರು ಆಸಿಡ್ಡು, ವಿನೆಗರ್ರು, ನಿಂಬೆಹಣ್ಣು ಮುಟ್ಟಿಸ್ಬೇಡಿ, ಕಲ್ಲಿನ ಹೊಳಪೇ ತಿಂದುಹಾಕುತ್ತೆ. ಬ್ಲೀಚಿಂಗ್ ಪೌಡರ್ ಹಾಕಿರೋ ನೀರಿಗೆ ಟಾಯ್ಲೆಟ್ ತೊಳೆಯೋ ಆಸಿಡ್ ಯಾವತ್ತೂ ಬೆರೆಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಒರೆಸಿ ಆದ್ಮೇಲೆ ಮಾಪನ್ನ ಬಕೆಟ್ ನೀರಲ್ಲೇ ನಿಲ್ಲಿಸದೆ ಚೆನ್ನಾಗಿ ಜಾಲಿಸಿ, ಹಿಂಡಿ, ತಲೆ ಮೇಲಾಗಿ ಬಿಸಿಲಿಗಿಡಿ, ವಾಸನೆ ಹತ್ರಾನೂ ಸುಳಿಯಲ್ಲ.