ಗ್ರ್ಯಾಂಡ್‌ಮಾಸ್ಟರ್ ಗಡಿಯಾರ: ಖಾಸಗಿ 5ಜಿ ಜಾಲದಲ್ಲಿ ಬಳಸಿ ಬರೆದ ವಿಮರ್ಶೆ

ನಮ್ಮ ಬೇಸ್ ಸ್ಟೇಷನ್‌ಗಳಿಗೆ ಅಳವಡಿಸಿರುವ ಈ ಉಪಕರಣವು ಜಿಪಿಎಸ್ ಉಪಗ್ರಹಗಳಿಂದ ಸಮಯ ಪಡೆದು, ಅದನ್ನು ಪಿಟಿಪಿ (ಜಾಲದ ಮೇಲೆ ನಿಖರ ಸಮಯ ಸಾಗಿಸುವ ಪ್ರೋಟೋಕಾಲ್) ಪ್ಯಾಕೆಟ್‌ಗಳ ಮೂಲಕ ಜಾಲಕ್ಕೆಲ್ಲ ಹಂಚುತ್ತದೆ. ಮೊಬೈಲ್ ಎಷ್ಟು ದೂರದಲ್ಲಿದೆ ಎಂಬ ಲೆಕ್ಕವನ್ನು ಬೇಸ್ ಸ್ಟೇಷನ್ನೇ ನೋಡಿಕೊಳ್ಳುತ್ತದೆ. ಟೈಮಿಂಗ್ ಅಡ್ವಾನ್ಸ್ ಆದೇಶ ಕೊಟ್ಟು, ದೂರದ ಮೊಬೈಲಿನ ಸಂಕೇತ ತಡವಾಗಿ ತಲುಪದಂತೆ ಅದು ತುಸು ಮುಂಚೆಯೇ ಕಳಿಸುವಂತೆ ಮಾಡುತ್ತದೆ. 4ಜಿಯ ಎಲ್‌ಟಿಇಯಲ್ಲಿ ಈ ತಿದ್ದುಪಡಿಯ ಒಂದು ಹೆಜ್ಜೆ ಸುಮಾರು 0.52 ಮೈಕ್ರೋಸೆಕೆಂಡ್, ಅಂದರೆ ಹೋಗಿಬರುವ ದಾರಿ ಎರಡನ್ನೂ ಎಣಿಸಿದರೆ 78 ಮೀಟರ್ ದೂರಕ್ಕೆ ಸಮ. ಆದರೆ ಬೇಸ್ ಸ್ಟೇಷನ್ನಿನ ಗಡಿಯಾರವೇ ಜಾರಿದರೆ ಅದಕ್ಕೆ ಅಂಟಿಕೊಂಡ ಮೊಬೈಲ್‌ಗಳೂ ಜೊತೆಗೇ ಜಾರುತ್ತವೆ. ಒಂದೇ ಆವರ್ತನದಲ್ಲಿ ಸರದಿಯಂತೆ ಕಳಿಸಿ ಪಡೆಯುವ ಟಿಡಿಡಿ ಜಾಲದಲ್ಲಿ ಇದು ಸಣ್ಣ ಮಾತಲ್ಲ: ಒಂದು ಸೆಲ್ ಇನ್ನೂ ಪ್ರಸಾರ ಮಾಡುತ್ತಿರುವಾಗಲೇ ಪಕ್ಕದ ಸೆಲ್ ಆಲಿಸತೊಡಗಿದರೆ, ಮೊಬೈಲಿನ ದುರ್ಬಲ ಸಂಕೇತ ಅದರಡಿ ಹೂತುಹೋಗುತ್ತದೆ. ಪ್ರತಿ ಬೇಸ್ ಸ್ಟೇಷನ್ನೂ ನಿಜ ಸಮಯದಿಂದ 1.5 ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಸರಿಯಬಾರದು ಎಂಬ ನಿಯಮ ಬಂದಿರುವುದು ಇದಕ್ಕಾಗಿಯೇ.

ಉಪಗ್ರಹಗಳು ಕಾಣುತ್ತಿರುವವರೆಗೆ ಯಾವ ದೂರೂ ಇಲ್ಲ. ಇಂಥ ಗಡಿಯಾರದ ಯೋಗ್ಯತೆ ತಿಳಿಯುವುದು ಆಂಟೆನಾ ಕೈಕೊಟ್ಟು, ತನ್ನೊಳಗಿನ ಆಂದೋಲಕದ ಬಲದಲ್ಲೇ ಸಮಯ ಕಾಯಬೇಕಾದಾಗ. ದಿನವೊಂದಕ್ಕೆ 1 ಮೈಕ್ರೋಸೆಕೆಂಡಿನೊಳಗೆ ನಿಲ್ಲಬೇಕಾದರೆ ಆವರ್ತನದ ದೋಷ ಲಕ್ಷ ಕೋಟಿಯಲ್ಲಿ ಸುಮಾರು 12 ಭಾಗವನ್ನು ಮೀರಕೂಡದು. ಆಂಟೆನಾ ಕೇಬಲ್ ಕಳಚಿ, ಇದರ ಪ್ರತಿ ಸೆಕೆಂಡಿನ ಪಲ್ಸನ್ನು ಮತ್ತೊಂದು ರಿಸೀವರ್‌ನ ಪಲ್ಸಿನ ಪಕ್ಕದಲ್ಲಿ ಆಸಿಲೋಸ್ಕೋಪಿನ ಮೇಲೆ ಇಟ್ಟು ನೋಡಿದೆವು. ಸ್ಫಟಿಕ ಆಂದೋಲಕವಿರುವ ಅಗ್ಗದ ಮಾದರಿಯ ಪಲ್ಸ್ ಅಂದೇ ಮಿತಿ ದಾಟಿತು. ರುಬಿಡಿಯಂ ಪರಮಾಣು ಆಂದೋಲಕವಿರುವ ದುಬಾರಿ ಮಾದರಿಯದು ಮರುದಿನ ಬೆಳಿಗ್ಗೆಯೂ ಮಿತಿಯೊಳಗೇ ಇತ್ತು. ಹೆಚ್ಚಿನ ಬೆಲೆಗೆ ಇದೊಂದೇ ಸಮರ್ಥನೆ ಸಾಕು.

ಅಸಮಾಧಾನ ಇರುವುದು ಸೆಟ್ಟಿಂಗ್‌ಗಳ ಬಗ್ಗೆ. ಆಂಟೆನಾ ಕೇಬಲ್ಲಿನ ವಿಳಂಬವನ್ನು ಆರಂಭಿಕ ಸೆಟಪ್ ಕೇಳುವುದೇ ಇಲ್ಲ, ಸೊನ್ನೆ ಎಂದು ತಾನೇ ಭಾವಿಸಿಬಿಡುತ್ತದೆ. ಮೀಟರಿಗೆ 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುವ ಸಾಮಾನ್ಯ ಕೇಬಲ್ 30 ಮೀಟರ್ ಉದ್ದವಿದ್ದರೆ 150 ನ್ಯಾನೋಸೆಕೆಂಡ್ ತಪ್ಪು ಸೇರುತ್ತದೆ. ಇಂಥ ಮೂಲ ಗಡಿಯಾರಕ್ಕೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಮಾನದಂಡ ಬಿಟ್ಟಿರುವ ಒಟ್ಟು ಅವಕಾಶವೇ 100 ನ್ಯಾನೋಸೆಕೆಂಡ್. ಅದಕ್ಕಿಂತ ಕೆಟ್ಟದ್ದೆಂದರೆ, ಉಪಗ್ರಹ ತಪ್ಪಿದ ಮೇಲೂ ಮುಂಭಾಗದ ದೀಪ ಹಸಿರಾಗಿಯೇ ಉರಿಯುತ್ತದೆ, ಎಚ್ಚರಿಕೆ ನಿರ್ವಹಣಾ ತಂತ್ರಾಂಶಕ್ಕೆ ಮಾತ್ರ ಹೋಗುತ್ತದೆ. ತಯಾರಕರು ಇದನ್ನು ಮುಂದಿನ ಆವೃತ್ತಿಯಲ್ಲಾದರೂ ಸರಿಪಡಿಸಲೇಬೇಕು.

ಟಿಡಿಡಿ ಜಾಲ ನಡೆಸುವವರು ರುಬಿಡಿಯಂ ಮಾದರಿಯನ್ನೇ ಕೊಳ್ಳಲಿ. ಕಳಿಸಲು ಒಂದು, ಪಡೆಯಲು ಇನ್ನೊಂದು ಆವರ್ತನ ಬಳಸುವುದರಿಂದ ಆವರ್ತನದ ನಿಖರತೆಯಷ್ಟೇ ಸಾಕಾಗುವ ಎಫ್‌ಡಿಡಿ ಜಾಲಕ್ಕೆ ದೊಡ್ಡ ಬೇಸ್ ಸ್ಟೇಷನ್ನಿನಲ್ಲೂ ಇರುವ ಮಿತಿ 0.05 ಪಿಪಿಎಂ (ದಶಲಕ್ಷದಲ್ಲಿ 0.05 ಭಾಗ) ಮಾತ್ರ. ಅಲ್ಲಿ ಅಗ್ಗದ ಮಾದರಿಯೇ ಧಾರಾಳ.