ಗೊಬ್ಬರದ ಚೀಲ ಜಾರಿದ ಲೆಕ್ಕ: ಬಲವೋ, ಶಕ್ತಿಯೋ?

ಮಗಳ ಪ್ರಥಮ ಪಿಯುಸಿಗೆ ಅಂತ ಮಡಿಕೇರಿಯಲ್ಲಿ 280 ರೂಪಾಯಿ ಕೊಟ್ಟು ಒಂದು ಭೌತಶಾಸ್ತ್ರದ ಗೈಡ್ ತಂದೆ. ಇಳಿಜಾರಿನ ಲೆಕ್ಕಗಳನ್ನೆಲ್ಲ ಅದರಲ್ಲಿ ಬಲ ಬಿಡಿಸಿ, ವೇಗೋತ್ಕರ್ಷ (ವೇಗ ಹೆಚ್ಚುವ ದರ) ಹುಡುಕಿಯೇ ಮಾಡಿದ್ದಾರೆ. ದುಡ್ಡು ದಂಡ. ನನಗೆ ಮೊದಲಿಂದಲೂ ಶಕ್ತಿಯ ಲೆಕ್ಕವೇ ಇಷ್ಟ. ಆದರೂ ಭಾನುವಾರ ಇಬ್ಬರೂ ಕೂತು ಎರಡನ್ನೂ ಮಾಡಿ ನೋಡಿದೆವು.

ಲೆಕ್ಕ ನಮ್ಮ ತೋಟದ್ದೇ. ಲಾರಿಯಿಂದ 50 ಕೆ.ಜಿ. ಗೊಬ್ಬರದ ಚೀಲ ಹಲಗೆ ಮೇಲೆ ಜಾರಿ ಇಳಿಯುತ್ತದೆ. ಹಲಗೆ 2.5 ಮೀಟರ್ ಉದ್ದ, ಎತ್ತರ 1.5 ಮೀಟರ್. ಘರ್ಷಣಾಂಕ, ಅಂದರೆ ಚೀಲ ಹಲಗೆಯನ್ನು ಒತ್ತುವ ಬಲದಲ್ಲಿ ಎಷ್ಟು ಪಾಲು ಘರ್ಷಣೆ ಅನ್ನೋದು, ಸುಮ್ನೆ 0.35 ಅಂತ ಹಿಡಿದೆವು, ಗುರುತ್ವ 10.

ಬಲದ ದಾರಿಯಲ್ಲಿ ಹಲಗೆಯ ಇಳಿಜಾರಿಗೆ ಸೈನ್ 0.6 (1.5 ಭಾಗಿಸು 2.5), ಕಾಸ್ 0.8 ಹಾಕಿದರೆ ವೇಗೋತ್ಕರ್ಷ 10 × (0.6 − 0.35 × 0.8), ಅಂದರೆ 3.2. ಅದರಿಂದ ವೇಗದ ವರ್ಗ 2 × 3.2 × 2.5 = 16, ವೇಗ ಸೆಕೆಂಡಿಗೆ 4 ಮೀಟರ್.

ಶಕ್ತಿಯ ದಾರಿ ಮನೆ ಖರ್ಚಿನ ಲೆಕ್ಕದ ಹಾಗೆ. ಮೇಲೆ 50 × 10 × 1.5, ಅಂದರೆ 750 ಜೂಲ್ ಇತ್ತು. 500 ನ್ಯೂಟನ್ ಭಾರದ 0.8 ಪಾಲಿಗೆ 0.35 ಗುಣಿಸಿದರೆ ಘರ್ಷಣೆ 140 ನ್ಯೂಟನ್; ಅದು 2.5 ಮೀಟರಿನಲ್ಲಿ 350 ತಿಂದಿತು. ಉಳಿದಿದ್ದು 400. ಅದು ½ × 50 × ವೇಗದ ವರ್ಗಕ್ಕೆ ಸಮ, ಹಾಗಾಗಿ ವೇಗ ಅದೇ 4.

ಮಗಳು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. "ಅಪ್ಪಾ, ಚೀಲ ಮೇಲೆ ತಳ್ಳುವಾಗ ಘರ್ಷಣೆ ಕೆಳಕ್ಕೆ, ಇಳಿಯುವಾಗ ಮೇಲಕ್ಕೆ. ಹಾಗಾದ್ರೆ ಗುರುತು ಬದಲಾಗ್ಬೇಕಲ್ವಾ?" ಅಂದಳು. 350 ಕಳೆಯುವ ಬದಲು ಕೂಡಿಸಿ 1100 ಮಾಡಿದಳು. ವೇಗ 6.6 ಬಂತು. ನಾನೂ ಒಂದು ಗಳಿಗೆ ತಬ್ಬಿಬ್ಬಾದೆ. ಆಮೇಲೆ ಘರ್ಷಣೆಯೇ ಇಲ್ಲ ಅಂತ ಲೆಕ್ಕ ಹಾಕಿಸಿದೆ. ಪೂರ್ತಿ 750 ಸಿಕ್ಕರೂ 5.5 ದಾಟಲಿಲ್ಲ. ಹಲಗೆ ಚೀಲವನ್ನು ಹಿಂದಕ್ಕೆ ಹಿಡಿದೆಳೆದರೆ ಅದು ಜಾಸ್ತಿ ಓಡುತ್ತಾ? ಬಲದ ದಿಕ್ಕು ತಿರುಗಿತು ನಿಜ, ಆದರೆ ಚೀಲ ಹೋಗುವ ದಿಕ್ಕೂ ತಿರುಗಿತಲ್ಲ! ಹತ್ತುವಾಗಲೂ ಕಳೆಯುವುದೇ, ಇಳಿಯುವಾಗಲೂ ಕಳೆಯುವುದೇ.

ಇನ್ನು ಚೀಲ ಶೆಡ್ಡಿನ ನೆಲದ ಮೇಲೂ ಜಾರಿದರೆ? ಘರ್ಷಣಾಂಕ ಅಷ್ಟೇ ಅಂತಿಟ್ಟುಕೊಳ್ಳಿ. ಸಮತಟ್ಟಿನಲ್ಲಿ ಪೂರ್ತಿ ಭಾರ ನೆಲದ ಮೇಲೆ ಬೀಳುವುದರಿಂದ ಘರ್ಷಣೆ 175 ನ್ಯೂಟನ್. 400ನ್ನು 175ರಿಂದ ಭಾಗಿಸಿ: ಸುಮಾರು 2.3 ಮೀಟರ್. ಗೈಡ್ ದಾರಿಯಲ್ಲಾದರೆ ಮತ್ತೆ ಹೊಸ ಚಿತ್ರ, ಹೊಸ ವೇಗೋತ್ಕರ್ಷ.

ಇಳಿಯಲು ಎಷ್ಟು ಹೊತ್ತು ಅಂತ ಕೇಳಿದರೆ ಮಾತ್ರ ಬಲದ ದಾರಿಯೇ ಸಲೀಸು: 4ನ್ನು 3.2ರಿಂದ ಭಾಗಿಸಿ, 1.25 ಸೆಕೆಂಡ್.

ಸಿಇಟಿಯ ಭೌತಶಾಸ್ತ್ರದಲ್ಲಿ 60 ಪ್ರಶ್ನೆಗೆ 80 ನಿಮಿಷ. ಚಿತ್ರ ಬಿಡಿಸುತ್ತಾ ಕೂರುವ ತಾಳ್ಮೆ ನನಗೂ ಇಲ್ಲ, ಅವಳಿಗೂ ಇಲ್ಲ. ಶಕ್ತಿಯ ಲೆಕ್ಕವೇ ಸಾಕು ಅಂತ ಇಬ್ಬರೂ ಒಪ್ಪಿದೆವು. ಪ್ರಶ್ನೆಯಲ್ಲಿ 'ಎಷ್ಟು ಸೆಕೆಂಡ್' ಅಂತ ಕಂಡರೆ ಮಾತ್ರ ಆ 280 ರೂಪಾಯಿಯ ಗೈಡ್ ಕಪಾಟಿನಿಂದ ಇಳಿಯುತ್ತದೆ.