ಕರ್ನಲ್ ಒಳಗೆ ಪುಟ್ಟ ಫೈಲ್‌ಸಿಸ್ಟಮ್: ಟಾರ್, ಟೇಬಲ್, ಇನೋಡ್ ಮರ

ಕಲಬುರಗಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಸಣ್ಣದೊಂದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿದ್ದೇವೆ. ಡಿಸ್ಕ್ ಡ್ರೈವರ್ ಇನ್ನೂ ಇಲ್ಲ, ಆದರೆ ಫೈಲ್‌ಗಳು ಈಗಲೇ ಬೇಕು. ಹಾಗಾಗಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್‌ಸಿಸ್ಟಮ್, ಪೂರ್ತಿ ಮೆಮೊರಿಯಲ್ಲೇ ಇರಬೇಕು. ಟಾರ್, ಟೇಬಲ್, ಇನೋಡ್ ಮರ ಅಂತ ಮೂರು ಬಗೆಯಲ್ಲಿ ಬರೆದು, ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮು ಎಂಬ ಪ್ರೋಗ್ರಾಂನಲ್ಲಿ 64 ಎಂಬಿ ರ‍್ಯಾಮ್ ಕೊಟ್ಟು ಓಡಿಸಿ ನೋಡಿದೆ. ನನ್ನ ಓಟು ಇನೋಡ್ ಮರಕ್ಕೆ.

ಟಾರ್ ಎಲ್ಲಕ್ಕಿಂತ ಸುಲಭ. ಕರ್ನಲನ್ನು ಶುರು ಮಾಡುವ ಬೂಟ್‌ಲೋಡರ್, ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟಿದ ಟಾರ್ ಫೈಲನ್ನು ಮೆಮೊರಿಗೆ ತಂದಿಡುತ್ತದೆ. ಪ್ರತಿ ಫೈಲ್‌ಗೂ 512 ಬೈಟಿನ ಹೆಡರ್ (ಮೊದಲ ವಿವರ), ಅದರಲ್ಲಿ ಫೈಲಿನ ಅಳತೆ ಆಕ್ಟಲ್ (ಎಂಟರ ಆಧಾರದ) ಅಂಕೆಗಳಲ್ಲಿ ಇರುತ್ತದೆ. ಅದನ್ನು ಓದಿ ಮುಂದಿನ ಹೆಡರ್‌ಗೆ ಜಿಗಿದರೆ ಆಯಿತು. ಮೆಮೊರಿ ಹಂಚಿಕೊಡುವ ಅಲೊಕೇಟರ್ ಕೂಡ ಬೇಕಿಲ್ಲ. ಆದರೆ ಓದಬಹುದು ಅಷ್ಟೇ, ಬರೆಯೋಕೆ ಆಗಲ್ಲ.

ಟೇಬಲ್‌ನಲ್ಲಿ ಬರೆಯಬಹುದು. 64 ಖಾನೆ, ಒಂದೊಂದಕ್ಕೂ 4 ಕೆಬಿ. 10 ಬೈಟಿನ ಫೈಲ್‌ಗೂ 4 ಕೆಬಿ ಹೋಗುತ್ತದೆ, 5 ಕೆಬಿಯದ್ದು ಹಿಡಿಸುವುದೇ ಇಲ್ಲ. ಹೆಸರಿಗೂ ಮೊದಲೇ ಅಳತೆ ಕಟ್ಟಬೇಕು. ಎಂಐಟಿಯವರು ಪಾಠಕ್ಕೆಂದು ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್, ಫೈಲಿನ ಹೆಸರಿಗೆ 14 ಬೈಟ್ ಕೊಡುತ್ತದೆ. ಇಂಗ್ಲಿಷ್‌ಗೆ ಅದು ಸಾಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ 3 ಬೈಟ್ ಬೇಕು. ‘ತೊಗರಿ’ ಅಂತ ಬರೆದರೆ 15 ಬೈಟ್! ತೊಗರಿಯ ನಾಡಿನಲ್ಲಿ ಕೂತು ಆ ಹೆಸರಿನ ಫೈಲ್ ಮಾಡಲು ಆಗದಿದ್ದರೆ ಹೇಗೆ, ಅಲ್ವಾ? ಖಾನೆಗೆ ಇನ್ನಷ್ಟು ಜಾಗ ಕೊಡಬಹುದು. ಆಗ ಖಾಲಿ ಖಾನೆಗಳೂ ಅಷ್ಟೇ ಜಾಗ ನುಂಗುತ್ತವೆ.

ಇನೋಡ್ ಮರದಲ್ಲಿ ಹೆಸರು ಬೇರೆ, ಫೈಲ್ ಬೇರೆ. ಹೆಸರು ಡೈರೆಕ್ಟರಿಯಲ್ಲಿ ಇರುತ್ತದೆ. ಅಳತೆ, ಡೇಟಾ, ಎಷ್ಟು ಹೆಸರುಗಳಿವೆ, ಎಷ್ಟು ಕಡೆ ತೆರೆದಿದೆ ಎಂಬುದೆಲ್ಲ ಇನೋಡ್‌ನಲ್ಲಿ, ಅಂದರೆ ಆ ಫೈಲಿನ ದಾಖಲೆಯಲ್ಲಿ. ಇದರ ಬೆಲೆ ಗೊತ್ತಾಗುವುದು, ಒಂದು ಪ್ರೋಗ್ರಾಂ ಓದುತ್ತಿರುವ ಫೈಲನ್ನು ಇನ್ನೊಂದು ಅಳಿಸಿದಾಗ. ಟೇಬಲ್‌ನಲ್ಲಿ ಆ ಖಾನೆ ಹೊಸ ಫೈಲ್‌ಗೆ ಹೋಗುತ್ತದೆ, ಓದುತ್ತಿದ್ದವನಿಗೆ ಬೇರೆಯವರ ಡೇಟಾ ಸಿಗುತ್ತದೆ. ಮರದಲ್ಲಿ ಹೆಸರಷ್ಟೇ ಹೋಗುತ್ತದೆ. ಹೆಸರುಗಳ ಎಣಿಕೆ, ತೆರೆದ ಕಡೆಗಳ ಎಣಿಕೆ ಎರಡೂ ಸೊನ್ನೆ ಆದ ಮೇಲೆಯೇ ಅದರ ಮೆಮೊರಿ ಬಿಡುಗಡೆ.

ಡೇಟಾವನ್ನು ಒಂದೇ ಉದ್ದನೆಯ ಬಫರ್‌ನಲ್ಲಿ ಇಡಬೇಕಾ, ಪೇಜ್‌ಗಳಲ್ಲಾ? ಬಫರನ್ನು ಇಮ್ಮಡಿ ಮಾಡುತ್ತಾ ಹೋದರೆ, 8 ಎಂಬಿಯಿಂದ 16ಕ್ಕೆ ಬೆಳೆಯುವ ಹೊತ್ತಿಗೆ ಹಳೆಯದೂ ಹೊಸದೂ ಸೇರಿ 24 ಎಂಬಿ ಹಿಡಿಯುತ್ತದೆ. 64ರಲ್ಲಿ ಅದು ತುಂಬಾ ಜಾಸ್ತಿ. ಪೇಜ್ ಅಂದರೆ ಮೆಮೊರಿಯ 4096 ಬೈಟಿನ ತುಂಡು. ಆಫ್‌ಸೆಟ್ಟನ್ನು (ಫೈಲಿನ ಶುರುವಿನಿಂದ ಎಷ್ಟು ಬೈಟ್ ದೂರ ಎಂಬ ಸಂಖ್ಯೆಯನ್ನು) 12 ಬಿಟ್ ಬಲಕ್ಕೆ ಸರಿಸಿದರೆ ಪೇಜ್ ಸಂಖ್ಯೆ ಸಿಗುತ್ತದೆ. ಒಂದು ಪೇಜ್‌ನಲ್ಲಿ 8 ಬೈಟಿನ 512 ಪಾಯಿಂಟರ್ (ಪೇಜ್‌ಗಳ ವಿಳಾಸ) ಹಿಡಿಯುತ್ತವೆ, ಅಂದರೆ 2 ಎಂಬಿ ಫೈಲ್. ಇನ್ನೊಂದು ಮಟ್ಟ ಸೇರಿಸಿದರೆ 1 ಜಿಬಿ. ಪಾಯಿಂಟರ್ ಖಾಲಿ ಇದ್ದ ಕಡೆ ಸುಮ್ನೆ ಸೊನ್ನೆಗಳನ್ನು ಕೊಟ್ಟರೆ ಸಾಕು. ಹೊಸ ಪೇಜನ್ನು ಮಾತ್ರ ಮೊದಲು ಸೊನ್ನೆಯಿಂದ ತುಂಬಲೇಬೇಕು. ಇಲ್ಲದಿದ್ದರೆ ಹಿಂದಿನ ಪ್ರೋಗ್ರಾಂನ ಗುಟ್ಟು ಅದರಲ್ಲೇ ಉಳಿದಿರುತ್ತದೆ.

ಹಾಗಂತ ಟಾರ್ ಬಿಟ್ಟಿಲ್ಲ. ಲಿನಕ್ಸ್ ಬೂಟ್ ಆಗುವಾಗ ಟಾರ್‌ನಂಥದ್ದೇ ಆದ ಸಿಪಿಐಒ ಕಟ್ಟನ್ನು ಮೆಮೊರಿಯಲ್ಲಿ ಬಿಚ್ಚುತ್ತದೆ. ನಾವೂ ಹಾಗೆಯೇ ಟಾರನ್ನು ಮರಕ್ಕೆ ಬಿಚ್ಚಿ, ಅದು ಕೂತಿದ್ದ ಜಾಗ ಬಿಡಿಸಿಕೊಳ್ಳುತ್ತೇವೆ. ಲಿನಕ್ಸ್‌ನಲ್ಲಿ ಮೆಮೊರಿಯಲ್ಲೇ ಇರುವ ಫೈಲ್‌ಸಿಸ್ಟಮ್ ಆದ ರ‍್ಯಾಮ್‌ಎಫ್‌ಎಸ್‌ಗೆ ಮಿತಿ ಇಲ್ಲ, ಬರೆಯುತ್ತಾ ಹೋದರೆ ಮೆಮೊರಿಯೇ ಮುಗಿಯಬಹುದು. ಅದೇ ಬಗೆಯ ಟೆಂಪ್‌ಎಫ್‌ಎಸ್‌ಗೆ ಅರ್ಧ ರ‍್ಯಾಮ್ ಅನ್ನುವ ಮಿತಿ ಮೊದಲೇ ಇರುತ್ತದೆ. ನಮ್ಮದಕ್ಕೂ 32 ಎಂಬಿ ಇಟ್ಟಿದ್ದೇವೆ. ಅದು ದಾಟಿದರೆ ಬರೆಯುವ ಕರೆ ‘ಜಾಗ ಇಲ್ಲ’ ಎಂಬ ಎರರ್ ಕೊಟ್ಟು ವಾಪಸ್ ಬರುತ್ತದೆ.